ಹುಲಿಗಿಯ ಕೈ

ಹುಲಿಗಿ ದಿನವಿಡೀ ಬಟ್ಟೆ ಒಗೆಯುತ್ತಿದ್ದಳು. ನೀರಿರಲಿಲ್ಲ. ಸೋಪಿರಲಿಲ್ಲ. ಬಟ್ಟೆಯೂ ಇರಲಿಲ್ಲ. ಎರಡು ಬರಿಗೈಗಳನ್ನು ಎದೆಯ ಮುಂದೆ ತಂದು ತಿಕ್ಕುವಳು, ಹಿಂಡುವಳು, ಮತ್ತೆ ತಿಕ್ಕುವಳು. ನಾಲ್ಕು ವರ್ಷದ ಹುಡುಗಿ. ಚರ್ಮ ಸುಲಿದು ರಕ್ತ ಬಂದರೂ ಬಿಡುತ್ತಿರಲಿಲ್ಲ.

ಅವಳು ಸತ್ತು ಎಂಟು ವರ್ಷವಾಗಿತ್ತು. ಅಕ್ಕ ತಂಗೆವ್ವನ ಕಿವಿಯಲ್ಲಿ ಆ ತಿಕ್ಕುವ ಸದ್ದು ಮಾತ್ರ ನಿಂತಿರಲಿಲ್ಲ. ಒಣಗಿದ ಎಲೆಗಳು ಒಂದಕ್ಕೊಂದು ಉಜ್ಜಿದ ಹಾಗೆ. ಬಸ್ಸಿನಲ್ಲಿ ಕೂತರೆ ಬರುತ್ತಿತ್ತು. ತುತ್ತು ಬಾಯಿಗಿಡುವಾಗ ಬರುತ್ತಿತ್ತು.

ಹಾಗಾಗಿ ಜಯನಗರದ ಮನೆಗೆ ಕೆಲಸ ಕೇಳಲು ಹೋದ ದಿನ ಆ ಸದ್ದು ಕೇಳಿದಾಗ ಅವಳು ತಿರುಗಿ ನೋಡಲಿಲ್ಲ. ತಲೆಯೊಳಗಿನದ್ದೇ ಅಂದುಕೊಂಡಳು.

ಹಿತ್ತಲಿನ ಒಗೆಯುವ ಕಲ್ಲಿನ ಪಕ್ಕ ನಿಲ್ಲಿಸಿ ಮಾತಾಡಿಸಿದವರು ಮನೆಯ ಹಿರಿಯಾಕೆ ಪಂಕಜಾ.

"ಏನೇ ನಿನ್ ಹೆಸ್ರು?"

"ತಂಗೆವ್ವ ರೀ."

"ಅಯ್ಯೋ, ಅದೆಂಥ ಹೆಸರೇ? ಕೆಲಸ ಬಿಟ್ಟು ಹೋದ ಹುಡುಗಿ ಹೆಸರು ಲತಾ. ನಿನ್ನೂ ಹಾಗೇ ಕರೀತೀವಿ, ಮಗೂಗೂ ರೂಢಿ. ಯಾವ ಜನ ನೀವು?"

"ಯಾದಗಿರಿ ಕಡೇರ್ರಿ."

"ಊರಲ್ಲ ಕಣೇ. ಯಾವ ಜನ?"

ತಂಗೆವ್ವ ನೆಲ ನೋಡಿದಳು. ಉತ್ತರ ಅವರಿಗೆ ಸಿಕ್ಕಿತು. ಬೇರೆ ಯಾರೂ ಅವರ ಮೊಮ್ಮಗಳನ್ನು ನೋಡಿಕೊಳ್ಳುವ ಕೆಲಸಕ್ಕೆ ತಿಂಗಳಿಗಿಂತ ಹೆಚ್ಚು ನಿಂತಿರಲಿಲ್ಲವಾದ್ದರಿಂದ ಕೆಲಸವೂ ಸಿಕ್ಕಿತು. ಹಿಂದಿನ ಗೇಟಿನಿಂದ ಬರಬೇಕು. ಹೊರಗಿನ ಕಬ್ಬಿಣದ ಮೆಟ್ಟಿಲು ಹತ್ತಿ ನೇರ ಮೇಲಿನ ಕೋಣೆಗೆ ಹೋಗಬೇಕು. ಹಾಲಿಗೆ, ಅಡುಗೆಮನೆಗೆ ಕಾಲಿಡಬಾರದು. ಅವಳ ಲೋಟ ಒಗೆಯುವ ಕಲ್ಲಿನ ಮೇಲಿನ ಗೂಡಿನಲ್ಲಿರುತ್ತದೆ.

ಮೆಟ್ಟಿಲು ಹತ್ತಿ ಕೋಣೆಯ ಬಾಗಿಲು ತಳ್ಳಿದಳು. ಹಾಸಿಗೆಯ ಮೇಲೆ ಐದು ವರ್ಷದ ಹುಡುಗಿ ಕೂತಿದ್ದಳು. ಬಿಳಿ ಫ್ರಾಕು, ಎಣ್ಣೆ ಹಚ್ಚಿ ಬಾಚಿದ ಕೂದಲು. ಎದೆಯ ಮುಂದೆ ಎರಡು ಕೈ. ತಿಕ್ಕುತ್ತಿದ್ದವು, ಹಿಂಡುತ್ತಿದ್ದವು.

ತಂಗೆವ್ವ ಚೌಕಟ್ಟು ಹಿಡಿದುಕೊಂಡಳು. ಸದ್ದು ತಲೆಯೊಳಗಿನದ್ದಾಗಿರಲಿಲ್ಲ.

*

ಹುಲಿಗಿಯೂ ಹುಟ್ಟುವಾಗ ಎಲ್ಲರಂತೆಯೇ ಇದ್ದಳು. ಹೊಸಕೆರೆಹಳ್ಳಿಯ ಕೆರೆಯ ಹತ್ತಿರ, ಬೈರಣ್ಣನ ಮೂರಂತಸ್ತಿನ ಬಿಲ್ಡಿಂಗಿನ ಹಿಂದಿನ ತಗಡಿನ ಶೆಡ್ಡಿನಲ್ಲಿ ಅಂಬೆಗಾಲಿಟ್ಟಳು. ಅಕ್ಕ ಅಂದಳು, ನೀರು ಅಂದಳು. ಒಂದೂವರೆ ವರ್ಷ ತುಂಬಿದ ಮೇಲೆ ಒಂದು ದಿನ ಲೋಟ ಕೈಯಿಂದ ಜಾರಿತು. ಆಮೇಲೆ ಅದನ್ನು ಎತ್ತಲಿಲ್ಲ. ನೀರು ಅನ್ನುವ ಮಾತು ಹೋಯಿತು. ಅಕ್ಕ ಅನ್ನುವುದು ಸ್ವಲ್ಪ ದಿನ ಉಳಿದು ಅದೂ ಹೋಯಿತು. ಕಳ್ಳ ದಿನಕ್ಕೊಂದು ಪಾತ್ರೆ ಎತ್ತಿಕೊಂಡು ಹೋದ ಹಾಗೆ. ಕೊನೆಗೆ ಆ ಕೈಗಳು ಶುರುವಾದವು.

ಅವ್ವ ಬಸುರಿಯಾಗಿದ್ದಾಗ ಒಂಬತ್ತನೇ ತಿಂಗಳವರೆಗೆ ಮೂರು ಮನೆಯ ಬಟ್ಟೆ ಒಗೆದಿದ್ದಳು. "ಹೊಟ್ಟೇಲಿದ್ದಾಗ್ಲೇ ಕೆಲ್ಸ ಕಲ್ತ್ಕೊಂಡ್ ಬಂದೈತೆ ಬುಡು" ಅಂದಳು ಬೈರಣ್ಣನ ಹೆಂಡತಿ ಲಕ್ಷ್ಮಿದೇವಮ್ಮ. ಎಲ್ಲರೂ ನಕ್ಕರು. ಅವ್ವ ನಗಲಿಲ್ಲ. ಅದನ್ನು ನಂಬಿಬಿಟ್ಟಳು.

ಆಸ್ಪತ್ರೆಯಲ್ಲಿ ಡಾಕ್ಟರು ಎರಡು ನಿಮಿಷ ನೋಡಿದರು. ಬುದ್ಧಿ ಬೆಳೆದಿಲ್ಲ, ದೊಡ್ಡ ಆಸ್ಪತ್ರೆಗೆ ಹೋಗಿ ಅಂದರು. ದೊಡ್ಡ ಆಸ್ಪತ್ರೆಯಲ್ಲಿ ನಾಲ್ಕು ತಿಂಗಳ ಮೇಲೆ ಬನ್ನಿ ಅಂದರು. ಅಪ್ಪ ಯಲ್ಲಯ್ಯ ಅಷ್ಟು ಕಾಯಲಿಲ್ಲ. ಗಾಳಿ ಬಿಡಿಸುವವನ ಹತ್ತಿರ ಹೊತ್ತುಕೊಂಡು ಹೋದ. ಅವನು ಬೇವಿನ ಬರಲಿನಿಂದ ಹುಲಿಗಿಯ ಕೈಗೆ ಹೊಡೆದ. ಕೈ ನಿಲ್ಲಲಿಲ್ಲ. ಮುಂದಿನ ಅಮಾವಾಸ್ಯೆಗೆ ಊರಿಗೆಂದು ಹೋದ ಯಲ್ಲಯ್ಯ ತಿರುಗಿ ಬರಲಿಲ್ಲ. ತಂಗೆವ್ವ ಏಳನೇ ಕ್ಲಾಸಿನ ಪುಸ್ತಕ ಮುಚ್ಚಿಟ್ಟು ತಂಗಿಯನ್ನು ನೋಡಿಕೊಳ್ಳಲು ಮನೆಯಲ್ಲಿ ಕೂತಳು.

ಬಿಲ್ಡಿಂಗಿನವರು ಹೆದರುತ್ತಾರೆ ಎಂದು ಲಕ್ಷ್ಮಿದೇವಮ್ಮ ಹೇಳಿದ್ದಳು. "ಅದ್ನ ಈಚೆಗ್ ಬುಡ್ಬೇಡ ಕಣಮ್ಮಿ. ಮೇಲ್ಗಡೆ ಮನೆ ನೋಡಕ್ ಬಂದೋರು ಅಂಗೇ ವಾಪಸ್ ಓಯ್ತಾರೆ. ಓಗೋದಾದ್ರೆ ಬೀಗ ಹಾಕ್ಕೊಂಡ್ ಓಗಿ."

ಹುಲಿಗಿ ಸತ್ತ ದಿನದ ಬಗ್ಗೆ ತಂಗೆವ್ವ ಯಾರಿಗೂ ಹೇಳಿರಲಿಲ್ಲ.

*

ಜಯನಗರದ ಮನೆಗೆ ಮಂಗಳವಾರ ಮತ್ತು ಶುಕ್ರವಾರ ಥೆರಪಿ ಮಾಡಿಸಲು ಚಿದಾನಂದ್ ಎನ್ನುವವರು ಬರುತ್ತಿದ್ದರು. ದಪ್ಪ ಮನುಷ್ಯ. ಮೆಟ್ಟಿಲು ಹತ್ತಿದರೆ ಐದು ನಿಮಿಷ ಏದುಸಿರು. ತಂಗೆವ್ವ ಮೂಲೆಯಲ್ಲಿ ನಿಂತು ಅವರ ಕೈಯನ್ನೇ ನೋಡುತ್ತಿದ್ದಳು. ಮಾತಾಡುತ್ತಿರಲಿಲ್ಲ. ಮೂರು ತಿಂಗಳ ಮೇಲೆ ಒಂದು ದಿನ ಬಾಯಿಬಿಟ್ಟಳು.

"ಸಾರ್, ಈ ರೋಗಕ್ಕ ಹೆಸರು ಏನ್ರಿ?"

"ರೆಟ್ ಸಿಂಡ್ರೋಮ್ ಅಂತ. ಹತ್ತು ಸಾವಿರ ಹೆಣ್ಮಕ್ಳಲ್ಲಿ ಒಬ್ಬಳಿಗೆ ಬರುತ್ತೆ. ಒಳಗಡೆ ಒಂದು ಜೀನ್ ಕೆಟ್ಟಿರುತ್ತೆ, ಅಷ್ಟೆ. ತನ್ನಷ್ಟಕ್ಕೆ ಆಗೋದು."

"ತಾಯಿ ಬಸುರ್ಯಾಗ ಏನರ ಮಾಡಿದ್ರ..."

"ಏನ್ ಮಾಡಿದ್ರೂ ಬರಲ್ಲ, ಏನ್ ಮಾಡಿದ್ರೂ ತಪ್ಪಲ್ಲ. ಯಾರ ಪಾಪನೂ ಅಲ್ಲಮ್ಮ."

ತಂಗೆವ್ವ ಅಂದು ಬಸ್ಸಿನಲ್ಲಿ ಆ ಹೆಸರನ್ನು ಬಾಯೊಳಗೇ ಹೇಳಿಕೊಂಡಳು. ಬನಶಂಕರಿಯಲ್ಲಿ ಇಳಿಯುವುದು ಮರೆತು ಮುಂದೆ ಹೋದಳು.

ಚಿದಾನಂದ್ ಹೇಳಿದ್ದನ್ನೆಲ್ಲ ಅವಳು ನೆನಪಿಟ್ಟುಕೊಂಡಳು. ಮಲಗಿಸಿ ತಿನ್ನಿಸಬಾರದು. ನೆಟ್ಟಗೆ ಕೂರಿಸಿ ಗಲ್ಲ ತಗ್ಗಿಸಬೇಕು. ಮಾತ್ರೆ ಹೊತ್ತಿಗೆ ಸರಿಯಾಗಿ ಹೋಗಬೇಕು, ತಪ್ಪಿದರೆ ಫಿಟ್ಸ್. ನಡುನಡುವೆ ಉಸಿರು ಕಟ್ಟುತ್ತದೆ, ಹೆದರಬಾರದು, ಆದರೆ ಒಬ್ಬಳನ್ನೇ ಬಿಡಬಾರದು. ಎರಡೂ ಕೈ ಕಟ್ಟಬಾರದು. ಒಂದನ್ನು ಮೆಲ್ಲಗೆ ಹಿಡಿದರೆ ಇನ್ನೊಂದು ತಾನಾಗಿ ಬಿಚ್ಚಿಕೊಳ್ಳುತ್ತದೆ. ಎಲ್ಲಕ್ಕಿಂತ ಮುಖ್ಯ, ಅವಳಿಗೆ ಎಲ್ಲ ಅರ್ಥವಾಗುತ್ತದೆ. ಉತ್ತರ ಕಣ್ಣಿನಲ್ಲಿರುತ್ತದೆ. ನಿಧಾನಕ್ಕೆ ಬರುತ್ತದೆ. ಕೇಳಿ, ಮನಸ್ಸಿನಲ್ಲಿ ಇಪ್ಪತ್ತು ಎಣಿಸಿ ಕಾಯಬೇಕು.

ಮಗುವಿನ ಹೆಸರು ಇಂಚರ. ತಂಗೆವ್ವ ಹಾಲಿನ ಲೋಟ ಒಂದು ಕಡೆ, ಬಾಳೆಹಣ್ಣು ಒಂದು ಕಡೆ ಹಿಡಿದು ಕೇಳುವಳು. ಒಂದು, ಎರಡು, ಮೂರು. ಹದಿನಾಲ್ಕಕ್ಕೋ ಹದಿನೈದಕ್ಕೋ ಇಂಚರಳ ಕಣ್ಣು ನಿಧಾನವಾಗಿ ಹೊರಳಿ ಬಾಳೆಹಣ್ಣಿನ ಮೇಲೆ ಕೂರುತ್ತಿತ್ತು. ಮನೆಯವರಿಗೆ ಅಷ್ಟು ಪುರುಸೊತ್ತು ಇರಲಿಲ್ಲ. ತಾಯಿ ಪ್ರಕೃತಿ ಐದಕ್ಕೇ ಮತ್ತೆ ಕೇಳಿಬಿಡುತ್ತಿದ್ದಳು. ತಂದೆ ಭಾರ್ಗವ ಕೇಳುತ್ತಲೇ ಇರಲಿಲ್ಲ.

"ಲತಾ, ನೀನು ಪಿಯುಸಿ ಮಾಡಿದ್ರೆ ನನ್ ಹೊಟ್ಟೆ ಮೇಲೆ ಕಲ್ಲು ಬೀಳ್ತಿತ್ತು ಕಣಮ್ಮ" ಎಂದು ಚಿದಾನಂದ್ ನಗುತ್ತಿದ್ದರು.

ಮಗು ಅವಳ ಕೈಯಿಂದ ಮಾತ್ರ ಉಣ್ಣತೊಡಗಿತು. ಅದರ ಜೊಲ್ಲು, ಮಲ, ವಾಂತಿ ಎಲ್ಲ ಅವಳ ಕೈಗೆ. ಅವಳ ಲೋಟ ಮಾತ್ರ ಒಗೆಯುವ ಕಲ್ಲಿನ ಮೇಲೇ ಉಳಿಯಿತು.

*

ಪಂಕಜಾ ಅವರ ತೀರಿಕೊಂಡ ಗಂಡ ಸೇತುರಾಮರ ತಿಥಿ ಬಂತು. ಹಿಂದಿನ ದಿನ ಪಂಕಜಾ ಹೇಳಿದರು.

"ನಾಳೆ ಬ್ರಾಹ್ಮಣರು ಊಟ ಮಾಡಿ ಎದ್ದು ಹೋಗೋ ತನಕ ನೀನು ಒಳಗೆ ಬರೋ ಹಾಗಿಲ್ಲ. ಎರಡು ಗಂಟೆಗೆ ಬಾ."

"ಪಾಪುನ ಯಾರು ನೋಡ್ತಾರ ಅಮ್ಮಾ?"

"ಯಾರು ನೋಡೋದು? ನಾನು, ಪ್ರಕೃತಿ ಇಬ್ರೂ ಮಡಿ. ಅವಳನ್ನ ಮುಟ್ಟೋ ಹಾಗಿಲ್ಲ, ಜೊಲ್ಲು ಸುರಿಸ್ತಾಳೆ. ಭಾರ್ಗವ ಅಪ್ಪನ ತಿಥಿ ಮಾಡೋ ಕರ್ತೃ, ಅವನು ಪೀಠ ಬಿಟ್ಟು ಏಳಬಾರದು. ಮೊಬೈಲಲ್ಲಿ ಹಾಡು ಹಾಕಿಟ್ರೆ ಮಲಗಿರ್ತಾಳೆ. ಒಂದು ದಿವಸ ಏನಾಗುತ್ತೆ?"

ಒಂದು ದಿವಸ. ಆ ಮಾತನ್ನು ತಂಗೆವ್ವ ಮನೆಯವರೆಗೂ ಹೊತ್ತುಕೊಂಡು ಹೋದಳು.

ಅವಳು ಎರಡಕ್ಕೆ ಬರಲಿಲ್ಲ. ಹನ್ನೊಂದಕ್ಕೇ ಬಂದು ಒಗೆಯುವ ಕಲ್ಲಿನ ಮೇಲೆ ಕೂತಳು. ಮೇಲಿನ ಕೋಣೆಯ ಕಿಟಕಿ ತೆರೆದಿತ್ತು. ಮೊಬೈಲಿನ ಹಾಡು ಮುಗಿದು ಮತ್ತೆ ಅದೇ ಶುರುವಾಗುತ್ತಿತ್ತು. ಅದರಡಿಯಲ್ಲಿ ಇಂಚರಳ ನರಳಾಟ. ಕಬ್ಬಿಣದ ಮೆಟ್ಟಿಲು ಹತ್ತಿ ನೋಡಿದಳು. ಹೊರಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿತ್ತು. ಇಳಿದು ಬಂದಳು.

ಹನ್ನೆರಡಾಯಿತು. ಮಾತ್ರೆಯ ಹೊತ್ತು. ಅವಳು ಅಡುಗೆಮನೆಯ ಕಿಟಕಿಯ ಹತ್ತಿರ ಹೋದಳು. ಒಳಗೆ ಪ್ರಕೃತಿ ಒದ್ದೆ ಸೀರೆಯಲ್ಲಿ ನಿಂತು ವಡೆ ಕರಿಯುತ್ತಿದ್ದಳು. ಇಡೀ ವಾರ ಲ್ಯಾಪ್‌ಟಾಪ್ ಮುಂದೆ ಕೂರುವ ಹೆಂಗಸು. ಮುಖ ಹೊಗೆಗೆ ಕೆಂಪಾಗಿತ್ತು.

"ಅಕ್ಕಾ, ಮಾತ್ರೆ ಟೈಮ್ ಆತು."

"ಗೊತ್ತು ಲತಾ. ಇನ್ನೊಂದ್ ಅರ್ಧ ಗಂಟೆ. ಅವರು ಎಲೆಗೆ ಕೂತ್ಬಿಡ್ಲಿ."

"ಬೆಳಿಗ್ಗಿಂದ ಏನರ ಉಂಡಾಳೇನ್ರಿ?"

"ಏಳು ಗಂಟೆಗೆ ಹಾಲು ಕೊಟ್ಟೆ. ಪ್ಲೀಸ್, ನೀನೂ ಶುರು ಮಾಡ್ಬೇಡ."

ಪಂಕಜಾ ಒಳಗಿನಿಂದ ಬಂದರು. "ಅಲ್ಲೇನೇ ನಿಂತಿದೀಯ? ಅಡುಗೆ ಮೇಲೆ ನೆರಳು ಬೀಳುತ್ತೆ. ಆಚೆ ಹೋಗು."

ತಂಗೆವ್ವ ಹಿಂದೆ ಸರಿದಳು. ನೆರಳೂ ಸರಿಯಿತು. ವಡೆಯ ವಾಸನೆ ಹಿತ್ತಲು ತುಂಬಿತ್ತು. ಸತ್ತವರಿಗೆ ಹಸಿವಾಗುತ್ತದೆ ಎಂದು ನಂಬುವ ಮನೆ. ಎಂಟು ಬಗೆ ಮಾಡಿ ಹೆಸರು ಹಿಡಿದು ಕರೆಯುತ್ತಿದ್ದರು.

ಅವಳು ಮತ್ತೆ ಕಲ್ಲಿನ ಮೇಲೆ ಕೂತು ಕಿವಿಗೊಟ್ಟಳು. ಇಂಚರ ಉಸಿರು ಹಿಡಿಯುವುದು ಅವಳಿಗೆ ಗೊತ್ತಿತ್ತು. ನರಳಾಟ ನಿಲ್ಲುತ್ತದೆ. ಇಪ್ಪತ್ತು, ಮೂವತ್ತು ಎಣಿಸುವುದರೊಳಗೆ ಹುಕ್ಕೆಂದು ಉಸಿರು ಎಳೆದುಕೊಳ್ಳುತ್ತಾಳೆ. ನಲವತ್ತು ದಾಟಿದ್ದಿಲ್ಲ.

ನರಳಾಟ ನಿಂತಿತು. ತಂಗೆವ್ವ ಎಣಿಸಿದಳು. ಹಾಡು ನಡೆಯುತ್ತಿತ್ತು. ಹತ್ತು. ಇಪ್ಪತ್ತು. ಒಳಗೆ ಮಂತ್ರ ಜೋರಾಯಿತು. ಮೂವತ್ತು. ನಲವತ್ತು.

ನಲವತ್ತೊಂದು.

ಆ ಮೌನ ಅವಳಿಗೆ ಪರಿಚಯದ್ದು. ಎಂಟು ವರ್ಷದ ಹಿಂದೆ ಶೆಡ್ಡಿನ ಬೀಗ ತೆಗೆಯುವ ಮೊದಲು ಬಾಗಿಲಾಚೆ ಅದೇ ಮೌನ ನಿಂತಿತ್ತು.

ತಂಗೆವ್ವ ಎದ್ದಳು. ಹಿಂಬಾಗಿಲು ತಳ್ಳಿದಳು. ಅಡುಗೆಮನೆ ದಾಟಿದಳು. "ಏ, ಏ, ಲತಾ!" ಅಂದರು ಯಾರೋ. ಹಾಲಿಗೆ ಬಂದಳು. ವರ್ಷವಾದರೂ ನೋಡಿರದ ಹಾಲು. ಕೆಂಪು ನೆಲ, ಮೂರು ಎಲೆ, ಮೂರು ಜನ ಕೂತಿದ್ದರು. ಒಬ್ಬರ ಅಂಗೈಯಲ್ಲಿ ಆಗಷ್ಟೇ ನೀರು ಹಾಕಿತ್ತು. ಅವಳು ಎಲೆಗಳ ನಡುವಿನಿಂದಲೇ ನಡೆದಳು. ಸೀರೆಯ ಅಂಚು ಯಾವುದಕ್ಕೆ ತಾಗಿತೋ ನೋಡಲಿಲ್ಲ. ಒಳಗಿನ ಮೆಟ್ಟಿಲು ಹತ್ತಿ, ಕೋಣೆಯ ಒಳಬಾಗಿಲಿಗೆ ಹೊರಗಿನಿಂದ ಹಾಕಿದ್ದ ಚಿಲಕ ತೆಗೆದಳು.

ಇಂಚರ ಹಾಸಿಗೆಯಿಂದ ಜಾರಿ ಗೋಡೆಯ ಸಂದಿಗೆ ಸಿಕ್ಕಿದ್ದಳು. ಮುಖ ದಿಂಬಿನೊಳಗೆ. ಎರಡೂ ಕೈ ಬಿಳಿ ಬಟ್ಟೆಯಲ್ಲಿ ಬಿಗಿದು ಕಟ್ಟಿತ್ತು. ಸೇತುರಾಮರ ಹಳೆಯ ಪಂಚೆಯ ಚೂರು. ಕೈ ಕಚ್ಚಿಕೊಂಡು ರಕ್ತ ಮಾಡಿಕೊಂಡರೆ ತಿಥಿಯ ಮನೆಯಲ್ಲಿ ಅಶುಭವೆಂದು ಮಡಿಯುಡುವ ಮೊದಲೇ ಪಂಕಜಾ ಕಟ್ಟಿದ್ದರು. ಕೈ ಬಿಟ್ಟಿದ್ದರೆ ಅಷ್ಟಿಷ್ಟು ಹೊರಳುತ್ತಿದ್ದಳು.

ತಂಗೆವ್ವ ಅವಳನ್ನು ಎಳೆದು ಮಗ್ಗುಲಿಗೆ ಹೊರಳಿಸಿದಳು. ತುಟಿ ನೀಲಿ. ಬೆರಳು ಹಾಕಿ ಬಾಯಿಯ ನೊರೆ ತೆಗೆದಳು. ಹಲ್ಲಿನಿಂದ ಗಂಟು ಬಿಚ್ಚಿದಳು. ಬೆನ್ನು ಉಜ್ಜಿದಳು. "ಉಸಿರು ತಗೋ ಅವ್ವಾ. ತಗೋ ನನ್ನವ್ವಾ."

ಹುಕ್ಕೆಂದಿತು. ಮಗು ಉಸಿರೆಳೆಯಿತು. ಆಮೇಲೆ ಅತ್ತಿತು.

ಬಾಗಿಲಲ್ಲಿ ಪ್ರಕೃತಿ. ಸೀರೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ಹೊಸ್ತಿಲಾಚೆ ನಿಂತು ಎರಡೂ ಕೈ ಮುಂದೆ ಚಾಚಿದ್ದಳು. ಒಳಗೆ ಬರಲಿಲ್ಲ.

"ಉಸಿರಾಡ್ತಿದಾಳಾ? ಲತಾ, ಹೇಳೇ, ಉಸಿರಾಡ್ತಿದಾಳಾ?"

"ತಗೋತೀರೇನಕ್ಕ?" ಎಂದು ತಂಗೆವ್ವ ಮಗುವನ್ನು ಎತ್ತಿ ಹಿಡಿದಳು.

ಅವಳು ಎಣಿಸಿದಳು. ಬೇಕೆಂದು ಎಣಿಸಲಿಲ್ಲ, ರೂಢಿ. ಪ್ರಕೃತಿಯ ಕಣ್ಣು ಮಗುವಿನ ಮೇಲಿತ್ತು, ಕಾಲು ಹೊಸ್ತಿಲಾಚೆ ಇತ್ತು. ಕೆಳಗಿನಿಂದ ಪಂಕಜಾ ಕೂಗುತ್ತಿದ್ದರು, "ಮುಟ್ಬೇಡ ಪ್ರಕೃತಿ, ಇನ್ನೂ ಬಡಿಸೋದಿದೆ!" ಹದಿನೆಂಟು. ಹತ್ತೊಂಬತ್ತು. ಇಪ್ಪತ್ತು.

ಇಪ್ಪತ್ತಕ್ಕೂ ಕಾಲು ಏಳಲಿಲ್ಲ.

ತಂಗೆವ್ವ ಮಗುವನ್ನು ಹೆಗಲಿಗೆ ಹಾಕಿಕೊಂಡು ಅವಳ ಪಕ್ಕದಿಂದಲೇ ಕೆಳಗಿಳಿದಳು.

ಹಾಲಿನಲ್ಲಿ ಮೂವರೂ ಎದ್ದು ನಿಂತಿದ್ದರು. ಎಲೆಗಳು ಮುಟ್ಟದೆ ಹಾಗೇ ಇದ್ದವು. ಭಾರ್ಗವ ದರ್ಭೆಯ ಉಂಗುರದ ಬೆರಳನ್ನು ಅವಳ ಮುಖಕ್ಕೆ ತಂದ.

"ಗೆಟ್ ಔಟ್. ಯಾರ್ ನಿನ್ನ ಒಳಗೆ ಬಿಟ್ಟಿದ್ದು? ಪೊಲೀಸ್ ಕರೀತೀನಿ."

"ಕರೀರಿ. ಕೈ ಕಟ್ಟಿ ಚಿಲಕ ಹಾಕಿದವ್ರು ಯಾರಂತ ನಾನೂ ಹೇಳ್ತೀನಿ."

ಅವಳ ದನಿ ಅಷ್ಟು ಜೋರಾಗಿ ಆ ಮನೆಯಲ್ಲಿ ಯಾರೂ ಕೇಳಿರಲಿಲ್ಲ. ಅವಳೂ ಕೇಳಿರಲಿಲ್ಲ.

ಪಂಕಜಾ ಕಂಬ ಹಿಡಿದು ಕುಸಿದರು. "ಹಾಳಾಯ್ತು. ಎಲ್ಲಾ ಹಾಳಾಯ್ತು. ವರ್ಷಕ್ಕೊಂದು ತುತ್ತು, ಅದನ್ನೂ ತಪ್ಪಿಸಿದ್ಯಲ್ಲೇ ಪಾಪಿ. ಅವರು ಹಸಿದು ಹೋದರು."

"ನಮ್ ಹುಲಿಗಿನೂ ಹಸದಾ ಹೋದ್ಳು" ಎಂದಳು ತಂಗೆವ್ವ. "ನನ್ ತಂಗಿ. ಇದಾ ಕೈ, ಇದಾ ರೋಗ. ಅವ್ವ ಗಾರೆ ಕೆಲಸಕ್ಕ ಹೋಗ್ತಿದ್ಳು. ಸ್ಲ್ಯಾಬ್ ಹಾಕೋ ದಿನ ನೀನೂ ಮಗಳೂ ಇಬ್ರೂ ಬರಬೇಕು, ಇಲ್ಲಂದ್ರ ನಾಳಿಂದ ನೀನೂ ಬ್ಯಾಡ ಅಂದಿದ್ದ ಮೇಸ್ತ್ರಿ. ಬಾಗಲ ತೆರದಿಡಬ್ಯಾಡ್ರಿ ಅಂದಿದ್ಳು ಮನಿ ಮಾಲಕಿ. ಕೈ ಕಚ್ಚಿಕೋತಾಳಂತ ನಾನಾ ಕಟ್ಟಿದ್ನಿ. ಈ ಕೈಲೇ. ಸಂಜೀಕ ಬಿಚ್ಚೂದ್ರಾಗ ಕೈ ತಣ್ಣಗ ಆಗಿದ್ವು. ನಮಗ ಯಾರೂ ಹೇಳಿರಲಿಲ್ರಿ. ನಿಮಗ ವಾರಕ್ಕ ಎರಡು ಸಲ ಬಂದು ಹೇಳ್ತಿದ್ರು. ಹೆಸರು ಗೊತ್ತಿತ್ತು, ಎಲ್ಲಾ ಗೊತ್ತಿತ್ತು. ಗೊತ್ತಿದ್ದೂ ಕಟ್ಟಿದ್ರಿ."

ಮೇಲೆ ಮೊಬೈಲು ಇನ್ನೂ ಹಾಡುತ್ತಿತ್ತು.

ತಂಗೆವ್ವ ಪಿತೃವಿಗೆ ಹಾಕಿದ್ದ ಎಲೆಯ ಮುಂದೆ ಕೂತಳು. ಮಗುವನ್ನು ತೊಡೆಯ ಮೇಲೆ ನೆಟ್ಟಗೆ ಕೂರಿಸಿಕೊಂಡಳು. ಉಸಿರು ಸಮವಾಗುವವರೆಗೆ, ಕಣ್ಣು ತಿಳಿಯಾಗುವವರೆಗೆ ಬೆನ್ನು ಸವರಿದಳು. ಆಮೇಲೆ ಎಲೆಯನ್ನು ತೋರಿಸಿ ಕೇಳಿದಳು.

"ಪಾಪು, ಅನ್ನ ಬೇಕಾ? ಪಾಯಸ ಬೇಕಾ?"

"ಆ ಎಲೆ ಮುಟ್ಬೇಡ" ಎಂದ ಭಾರ್ಗವ. ದನಿಯಲ್ಲಿ ಮೊದಲಿನ ಬಲವಿರಲಿಲ್ಲ.

ತಂಗೆವ್ವ ಕಾದಳು. ಹಾಲಿನಲ್ಲಿದ್ದವರೆಲ್ಲ ಏನೆಂದು ತಿಳಿಯದೆ ಕಾದರು. ಇಂಚರಳ ಕೈಗಳು ಮೇಲೆದ್ದು ತಿಕ್ಕತೊಡಗಿದವು. ತಂಗೆವ್ವ ಎಡಗೈಯನ್ನು ಮೆಲ್ಲಗೆ ಹಿಡಿದುಕೊಂಡಳು. ಬಲಗೈ ಬಿಚ್ಚಿಕೊಂಡಿತು. ಕಣ್ಣು ಅನ್ನದ ಮೇಲಿನಿಂದ ಹೊರಳಿತು, ವಡೆ ದಾಟಿತು, ಪಾಯಸದ ಮೇಲೆ ಬಂದು ಕೂತಿತು. ಅಲ್ಲೇ ಕೂತಿತು.

ನಿಂತಿದ್ದ ಮೂವರಲ್ಲಿ ಹಿರಿಯರೊಬ್ಬರು "ಅಯ್ಯೋ, ಹೇಳ್ತಲ್ಲ ಮಗು" ಅಂದುಬಿಟ್ಟರು. ಪಂಕಜಾ ಅವರನ್ನು ದುರುಗುಟ್ಟಿ ನೋಡಿದರು.

ಹೆಸರುಬೇಳೆಯ ಪಾಯಸ. ತಂಗೆವ್ವ ಬೆರಳಲ್ಲಿ ನುಣ್ಣಗೆ ನುರಿದು, ಗಲ್ಲ ತಗ್ಗಿಸಿ ಒಂದು ತುತ್ತು ಇಟ್ಟಳು. ನುಂಗುವವರೆಗೆ ಕಾದಳು. ಇನ್ನೊಂದು ಇಟ್ಟಳು.

ನಾಲ್ಕನೆಯ ತುತ್ತಿಗೆ ಪಕ್ಕದಲ್ಲಿ ಒದ್ದೆ ಸೀರೆಯ ತಣ್ಣನೆ ತಾಗಿತು. ಪ್ರಕೃತಿ ಮಾತ್ರೆ ಕರಗಿಸಿದ ಚಮಚ ಹಿಡಿದು ನೆಲಕ್ಕೆ ಕೂತಿದ್ದಳು. ತಂಗೆವ್ವ ಅದನ್ನು ತೆಗೆದುಕೊಳ್ಳಲಿಲ್ಲ.

"ನೀವಾ ಕುಡಿಸ್ರಿ. ಗಲ್ಲ ಕೆಳಗ ಹಿಡೀರಿ."

ಕುಡಿಸಿದಳು. ಆಮೇಲೆ ಮಗುವನ್ನು ಅವಳ ತೊಡೆಗೆ ದಾಟಿಸಿ ತಂಗೆವ್ವ ಎದ್ದಳು. ಇಂಚರಳ ಕಣ್ಣು ಅವಳ ಹಿಂದೆಯೇ ಬಂತು. ಅವಳು ತಿರುಗಲಿಲ್ಲ, ತಿರುಗಿದರೆ ಹೋಗಲಾಗುತ್ತಿರಲಿಲ್ಲ.

"ನಾಳೆ ಬರ್ತೀಯಾ ಲತಾ?" ಎಂದಳು ಪ್ರಕೃತಿ, ಪಿಸುಮಾತಿನಲ್ಲಿ.

"ನನ್ ಹೆಸರು ತಂಗೆವ್ವ" ಎಂದು ಮುಂದಿನ ಬಾಗಿಲಿನಿಂದಲೇ ಹೊರಗೆ ನಡೆದಳು. ಪಂಚೆಯ ಚೂರು ಅವಳ ಮುಷ್ಟಿಯಲ್ಲೇ ಉಳಿದಿತ್ತು.

*

ಸಂಜೆ ಅವ್ವ ಕೆಲಸದಿಂದ ಬಂದಾಗ ತಂಗೆವ್ವ ಆ ಚೂರನ್ನು ನೆಲದ ಮೇಲೆ ಹರಡಿಕೊಂಡು ಕೂತಿದ್ದಳು. ನಡೆದದ್ದೆಲ್ಲ ಹೇಳಿದಳು. ರೋಗದ ಹೆಸರು ಹೇಳಿದಳು. ಅವ್ವನಿಗೆ ಅದು ಬಾಯಲ್ಲಿ ತಿರುಗಲಿಲ್ಲ.

"ನೀ ಬಟ್ಟಿ ಒಗದದ್ದಕ್ಕ ಬಂದಿದ್ದಲ್ಲವ್ವ. ಯಾರ ಪಾಪಾನೂ ಅಲ್ಲಂತ."

"ಔಷಧ ಇತ್ತೇನು?"

"ಗುಣ ಆಗೂ ಔಷಧ ಇಲ್ಲ."

"ಮತ್ತ ಏನಿತ್ತು?"

"ಕೈ ಬಿಚ್ಚಿ, ಎದುರಿಗೆ ಕುಂತು, ಕಾಯೂದು. ಆಕಿಗೆ ಎಲ್ಲಾ ತಿಳೀತಿತ್ತವ್ವ. ನಾವು ಬೀಗ ಹಾಕೂದೂ ತಿಳದಿರ್ತದ."

ಅವ್ವ ಗೋಡೆಗೆ ಒರಗಿದಳು. ತಂಗೆವ್ವ ಉಳಿದದ್ದನ್ನೂ ಹೇಳಿಬಿಟ್ಟಳು. "ಅವತ್ತು ನೀ ನೋಡೂ ಮೊದಲಾ ನಾ ಗಂಟು ಬಿಚ್ಚಿದ್ನಿ. ಕೈ ಕಟ್ಟಿದಾಕಿ ನಾನಾ."

ಅವ್ವ ಪಂಚೆಯ ಚೂರನ್ನು ಕೈಗೆ ತೆಗೆದುಕೊಂಡಳು.

"ಗೊತ್ತದ" ಎಂದಳು. "ಹೆಣಕ್ಕ ನೀರು ಹಾಕಿದಾಕಿ ನಾ. ಮುಂಗೈ ಮ್ಯಾಲ ಗೆರಿ ಇದ್ವು."

"ಎಂಟು ವರ್ಷ ಯಾಕ ಕೇಳಲಿಲ್ಲ?"

"ಹನ್ನೆರಡು ವರ್ಷದ ಕೂಸಿಗೆ ಏನಂತ ಕೇಳ್ಲಿ? ಬೀಗ ನಾ ಹಾಕಿದ್ನಿ."

ಬೆಳಿಗ್ಗೆ ಇಬ್ಬರೂ ಹೊರಗೆ ಬಂದರು. ಅವ್ವ ಬಾಗಿಲು ಎಳೆಯಲಿಲ್ಲ. ಎಂಟು ವರ್ಷ ದಿನಾ ಹಾಕಿದ ಬೀಗವನ್ನು ಕೆರೆಯ ಕಡೆಗೆ ಎಸೆದಳು. ಮೋಟರು ಹಾಕಲು ಬಂದಿದ್ದ ಲಕ್ಷ್ಮಿದೇವಮ್ಮ ನೋಡಿದಳು.

"ಏ ಇವ್ಳೇ, ತಲೆ ಕೆಟ್ಟೈತೇನೆ? ಬಾಗ್ಲು ಹಾರೊಡ್ದು ಓಯ್ತಾ ಇದೀರಲ್ಲ, ಬೀಗ ಹಾಕು!"

ಅವ್ವ ತಿರುಗಿ ನಿಂತಳು. ಬಾಡಿಗೆಗೆ ಬಂದ ಹದಿಮೂರು ವರ್ಷದಲ್ಲಿ ಮೊದಲ ಸಲ ಆ ಹೆಂಗಸಿನ ಕಣ್ಣನ್ನು ನೇರ ನೋಡಿದಳು.

"ಯಾಕ್ರಿ ಹಾಕ್ಲಿ? ಈಗ ಒಳಗ ಯಾರೂ ಇಲ್ಲಲ್ಲ."

ಲಕ್ಷ್ಮಿದೇವಮ್ಮನ ಕಣ್ಣು ತೆರೆದ ಬಾಗಿಲಿನೊಳಗಿನ ಕತ್ತಲೆಗೆ ಹೋಯಿತು. ಅಲ್ಲೇ ನಿಂತಿತು. ಒಣಗಿದ ಎಲೆ ಉಜ್ಜಿದಂಥ ಸದ್ದು ಕೇಳಿಸಿತೋ ಏನೋ, ಮೋಟರು ಹಾಕುವುದು ಬಿಟ್ಟು ಎರಡು ಹೆಜ್ಜೆ ಹಿಂದೆ ಸರಿದಳು.